ಪಾರಿವಾಳದ ಕಾಲು

ಚಿತ್ರ ಬರೆದು ಹೊಟ್ಟೆ ಹೊರೆಯಲಾಗದವರು ಡ್ರಾಯಿಂಗ್ ಮೇಷ್ಟ್ರಾಗುತ್ತಾರೆ ಎಂಬ ತಾತ್ಸಾರಕ್ಕೆ ಪಿಕಾಸೊನ ಅಪ್ಪನ ಕಥೆ ದೊಡ್ಡ ಆಸರೆ. ಅಪ್ಪ ಹೊಸೆ ರುಯೀಸ್ ಪಾರಿವಾಳಗಳ ಚಿತ್ರಕಾರ. ಊರಾದ ಮಾಲಗಾ ಬಿಟ್ಟು 1891ರಲ್ಲಿ ಲಾ ಕೊರೂನ್ಯಾಕ್ಕೆ ಚಿತ್ರಕಲೆ ಕಲಿಸಲು ಹೋದವನು. ಹದಿಮೂರರ ಮಗ ಬಿಡಿಸಿದ ಪಾರಿವಾಳದ ಕಾಲುಗಳನ್ನು ನೋಡಿ, ತನ್ನ ಕುಂಚಗಳನ್ನೆಲ್ಲ ಅವನ ಕೈಗಿತ್ತು, ಮತ್ತೆಂದೂ ಬಣ್ಣ ಮುಟ್ಟಲಿಲ್ಲವಂತೆ. ಈ ಅಪ್ಪ ಕಟ್ಟುಕಥೆಯವನು ಎಂದೇ ನನ್ನ ನಂಬಿಕೆ. ಆಮೇಲಿನ ವರ್ಷಗಳಲ್ಲೂ ರುಯೀಸ್ ಬರೆದ ಚಿತ್ರಗಳು ಉಳಿದಿವೆ. ಸುಳ್ಳಿಗಿಂತ ನನ್ನನ್ನು ಹೆಚ್ಚು ಕಾಡುವುದು, ಅದು ಒಬ್ಬ ಮೇಷ್ಟರ ಕೆಲಸವನ್ನೇ ಮರೆಮಾಡಿದೆ ಎಂಬುದು.

ಆ ಕಾಲುಗಳನ್ನೇ ನೋಡಿ. ಸತ್ತ ಪಾರಿವಾಳದ ಕಾಲು ಕತ್ತರಿಸಿ, ಹಲಗೆಗೆ ಗುಂಡುಸೂಜಿಯಿಂದ ಚುಚ್ಚಿ, ಸರಿಬರುವ ತನಕ ಬರೆಯಲು ಹುಡುಗನನ್ನು ಕೂರಿಸುತ್ತಿದ್ದನೆಂದು ಹೇಳುತ್ತಾರೆ. ಗರಿಯಲ್ಲಿ ಗೆರೆ ತುಸು ಆಚೀಚೆಯಾದರೆ ಬಣ್ಣ ಅದನ್ನು ಮುಚ್ಚಿಕೊಳ್ಳುತ್ತದೆ. ಕಾಲಿನಲ್ಲಿ ಹಾಗಲ್ಲ: ಗಂಟು ಎಲ್ಲಿ ಬಾಗುತ್ತದೆ, ಉಗುರು ಎಲ್ಲಿ ನೆಲ ಹಿಡಿಯುತ್ತದೆ ಎಂಬುದು ತಪ್ಪಿದರೆ ಹಕ್ಕಿ ನಿಲ್ಲುವುದೇ ಇಲ್ಲ. ಇಡೀ ಹಕ್ಕಿಯಲ್ಲಿ ಅತ್ಯಂತ ಕಷ್ಟದ ತುಣುಕನ್ನು ಹೆಕ್ಕಿ ಕೊಟ್ಟ ಕಣ್ಣು ಕೈಸೋತವನದಲ್ಲ, ತನ್ನ ಕಸುಬನ್ನು ಬಲ್ಲವನದು.

ಅಪ್ಪನಿಲ್ಲದಿದ್ದರೂ ಪಿಕಾಸೊ ಪಿಕಾಸೊನೇ ಆಗುತ್ತಿದ್ದ ಎನ್ನುವವರಿದ್ದಾರೆ. ಪ್ರತಿಭೆಯನ್ನು ಅಪ್ಪ ಕೊಟ್ಟನೆಂದು ನಾನೂ ಹೇಳುವುದಿಲ್ಲ. ಆದರೆ ಹದಿನೈದು ತುಂಬಿದ ಹುಡುಗ 1897ರಲ್ಲಿ ಮುಗಿಸಿದ ‘ವಿಜ್ಞಾನ ಮತ್ತು ದಾನ’ದ ಮುಂದೆ ನಿಂತರೆ, ಮಂಚದ ಮೇಲಿನ ರೋಗಿಯ ಕೈ, ಮಡಿಕೆಬಿದ್ದ ಹೊದಿಕೆ, ನಾಡಿ ಹಿಡಿದ ವೈದ್ಯ, ಎಲ್ಲವೂ ವರ್ಷಗಟ್ಟಲೆ ಕೂತು ಕಲಿತದ್ದು. ಆ ವೈದ್ಯನಾಗಿ ಕುಳಿತವನು ಅಪ್ಪನೇ. ಬಾರ್ಸಿಲೋನಾದಲ್ಲಿ ಮಗನಿಗೊಂದು ಸ್ಟುಡಿಯೊವನ್ನೂ ಆತನೇ ಹಿಡಿದುಕೊಟ್ಟಿದ್ದ. 1949ರ ಶಾಂತಿ ಸಮ್ಮೇಳನಕ್ಕೆ ಪಿಕಾಸೊ ಕೊಟ್ಟ ಪಾರಿವಾಳವನ್ನು ಅಪ್ಪನ ಋಣವೆನ್ನುವುದು ಚೆಂದ, ಆದರೆ ನನಗೆ ಅದು ಅಷ್ಟು ಗಟ್ಟಿ ಸಾಕ್ಷಿಯಲ್ಲ. ಈ ಹೊದಿಕೆಯ ಮಡಿಕೆಗಳು ಗಟ್ಟಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಪ್ಪ ಬಯಸಿದ್ದು ಪದಕ, ಬಹುಮಾನ, ಅಕಾಡೆಮಿ ಒಪ್ಪುವ ಚಿತ್ರಕಾರ. ಮಗ ಮ್ಯಾಡ್ರಿಡ್‌ನ ಅಕಾಡೆಮಿಗೆ ಸೇರಿ ಬೇಗನೆ ತರಗತಿಗಳಿಂದ ದೂರವಾದ, ಮುಂದೆ ಸಹಿಯಿಂದ ರುಯೀಸ್ ಹೆಸರನ್ನೂ ಕೈಬಿಟ್ಟ. ಹುಡುಗ ಎತ್ತ ಹೊರಟಿದ್ದಾನೆಂದು ಅಪ್ಪನಿಗೆ ತಿಳಿಯಲಿಲ್ಲ, ಒಪ್ಪೋಣ. ದಾರಿ ಕಾಣದ ಮೇಷ್ಟರನ್ನು ಟೀಕಿಸಬಹುದು. ಕುಂಚ ಒಪ್ಪಿಸಿ ತಲೆತಗ್ಗಿಸಿದವನೆಂದು ಬರೆಯುವುದಕ್ಕೆ ಮಾತ್ರ ಆಧಾರವಿಲ್ಲ.