ಹೆಗ್ಗರಣೆ ಟಿಪ್ಪಣಿ 11: ಡಬ್ಬಿ ಮೇಲಿನ ಹೆಸರು, ಒಳಗಿನ ಚಿಪ್

ಫೋಟೋದಲ್ಲಿ ಊಟದ ಡಬ್ಬಿ ಥರ ಕಾಣ್ತಿರೋದು ಕಂಪ್ಯೂಟರ್. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ. ಅಕ್ಕನ ಮಗಳು ನಮ್ಮಲ್ಲೇ ಇದ್ದು, ದಿನಾ ಬಸ್ಸಲ್ಲಿ ಶಿರಸಿಗೆ ಹೋಗಿ ಬಿಸಿಎ ಓದ್ತಾಳೆ. ಸಂಜೆ ಪ್ರಾಜೆಕ್ಟ್ ಕೆಲಸವೆಲ್ಲ ಇದರಲ್ಲೇ, ಲಿನಕ್ಸ್ ಮಿಂಟ್‌ನಲ್ಲಿ.

ಮಳೆ ಶುರುವಾಗೋ ಮುಂಚಿನ ಸಿಡಿಲು ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಬಿದ್ದದ್ದು ತೋಟದಾಚೆ. ಸುಟ್ಟದ್ದು ಮನೆಯ ರೂಟರ್, ಜೊತೆಗೆ ಜಗುಲಿಯಿಂದ ಮೆತ್ತಿಗೆ ಎಳೆದ ಲ್ಯಾನ್ ವೈರಿನ ತುದಿಯಲ್ಲಿದ್ದ ಈ ಪಿಸಿಯ ಪೋರ್ಟ್. ರೂಟರ್ ಹೊಸದು ಬಂತು. ಪೋರ್ಟ್ ರಿಪೇರಿ ಆಗೋದಲ್ಲ ಅಂದ್ರು.

ನೆಟ್ ಇಲ್ಲ ಅಂದ್ರೆ ಅವಳು ಶಿರಸಿಯಲ್ಲೇ ರೂಮ್ ಮಾಡ್ಬೇಕು. ಆಯಿ "ಬಾಡಿಗೆ ಎಷ್ಟು?" ಅಂತ ಒಂದೇ ಸಲ ಕೇಳಿ ಸುಮ್ಮನಾದಳು.

ಗೆಳತಿಯೊಬ್ಬಳು ತನ್ನ ಯುಎಸ್‌ಬಿ ವೈಫೈ ಕಾರ್ಡ್ ಕೊಟ್ಟಳು. ಡಬ್ಬಿ ಮೇಲೆ ಲಿನಕ್ಸ್‌ಗೂ ಆಗುತ್ತೆ ಅಂತ ಬರೆದಿತ್ತು. ಚುಚ್ಚಿದರೆ ಏನೂ ಇಲ್ಲ.

"ಮಾವಾ, ಡ್ರೈವರ್ ಇಳಿಸಲೆ ನೆಟ್ ಬೇಕು ಹೇಳ್ತು. ನೆಟ್ ಇದ್ದಿದ್ರೆ ಇದೆಲ್ಲ ಎಂತಕ್ಕೆ?"

ಚೀಲ ನೋಡಿ ಅಡಿಕೆಗೆ ದರ ಕಟ್ತೀವಾ? ಬಿಚ್ಚಿ, ಚಾಲಿಯೋ ಬಿಳಿಗೋಟೋ ಅಂತ ನೋಡ್ತೀವಿ. ಲಿನಕ್ಸ್ ಕೂಡ ಹಾಗೇ. ಅದು ಕಂಪನಿಯ ಹೆಸರು ಕೇಳಲ್ಲ, ಒಳಗಿನ ಚಿಪ್ ಯಾವುದು ಅಂತ ಕೇಳುತ್ತೆ. ಒಂದೇ ಹೆಸರಿನಲ್ಲಿ ಎರಡು ಚಿಪ್ ಬರೋದೂ ಉಂಟು: ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಚಿಪ್ ಇತ್ತು, ಎರಡನೆಯದರಲ್ಲಿ ರಿಯಲ್‌ಟೆಕ್.

ಟರ್ಮಿನಲ್ ತೆಗೆದು ಎಲ್‌ಎಸ್‌ಯುಎಸ್‌ಬಿ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆದ್ವಿ. ಬಂದ ನಂಬರನ್ನು ಫೋನಲ್ಲಿ ಹುಡುಕಿದಾಗ ಸಿಕ್ಕಿದ್ದು ರಿಯಲ್‌ಟೆಕ್ 8812ಬಿಯು. ಈ ಚಿಪ್‌ಗೆ ಲಿನಕ್ಸ್ ಕರ್ನಲ್‌ನಲ್ಲೇ ಡ್ರೈವರ್ ಸೇರಿದ್ದು 2023ರಲ್ಲಿ, 6.2ನೇ ಆವೃತ್ತಿಯಿಂದ. ನಮ್ಮ ಮಿಂಟ್‌ನಲ್ಲಿದ್ದದ್ದು 5.15. ಕಾರ್ಡೂ ಸರಿ, ಕಂಪ್ಯೂಟರೂ ಸರಿ, ಇಬ್ಬರಿಗೂ ಪರಿಚಯವೇ ಇಲ್ಲ!

ಪರಿಚಯ ಮಾಡಿಸಿದ್ದು ಆಂಡ್ರಾಯ್ಡ್ ಫೋನ್. ಫೋನನ್ನು ಮನೆಯ ವೈಫೈಗೆ ಸೇರಿಸಿ, ಚಾರ್ಜರ್ ವೈರಿನಿಂದ ಪಿಸಿಗೆ ಕೊಟ್ಟು, ಯುಎಸ್‌ಬಿ ಟೆದರಿಂಗ್ ಆನ್ ಮಾಡಿದ್ವಿ. ಡ್ರೈವರ್ ಬೇಡ, ಮೊಬೈಲ್ ಸಿಗ್ನಲ್ಲೂ ಬೇಡ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಹೊಸ ಕರ್ನಲ್ ಇಳಿಸಿ ಪಿಸಿ ಒಮ್ಮೆ ಆಫ್-ಆನ್ ಮಾಡಿದ ಮೇಲೆ ಕಾರ್ಡ್ ಎದ್ದಿತು. ಚಿರೇಕಲ್ಲಿನ ಗೋಡೆ ದಾಟಿ 5 ಗಿಗಾಹರ್ಟ್ಸ್ ಮೆತ್ತಿಗೆ ತಲುಪಲಿಲ್ಲ, 2.4 ತಲುಪಿತು. ಅವಳ ಕೆಲಸಕ್ಕೆ ಅಷ್ಟು ಸಾಕು.

ಹೊಸದಾಗಿ ಕೊಳ್ಳೋರು ಚಿಪ್ ಹೆಸರು ಕೇಳಿಯೇ ಕೊಳ್ಳಿ. ಮೀಡಿಯಾಟೆಕ್ ಎಂಟಿ7601ಯುಗೆ 2015ರಿಂದಲೇ (ಕರ್ನಲ್ 4.2) ಡ್ರೈವರ್ ಇದೆ, ಆದ್ರೆ ಬರೀ 2.4. ಎರಡೂ ಬ್ಯಾಂಡ್ ಬೇಕಾದ್ರೆ ಎಂಟಿ7612ಯು, 2018ರಿಂದ (4.19). ಅಂಗಡಿಯವರಿಗೆ ಚಿಪ್ ಗೊತ್ತಿಲ್ಲ ಅಂದ್ರೆ ವಾಪಸ್ ತಗೊಳ್ತಾರಾ ಅಂತ ಮೊದಲೇ ಕೇಳಿ. ನಮ್ಮೂರಿಂದ ಪೇಟೆಗೆ ಎರಡನೇ ಸಲ ಹೋಗೋದು ಅಂದ್ರೆ ಇನ್ನೊಂದು ದಿನದ ಕೆಲಸ ಕೆಟ್ಟ ಹಾಗೆ.

ಲ್ಯಾನ್ ವೈರ್ ಸುತ್ತಿ ಅಟ್ಟಕ್ಕೆ ಹಾಕಿದ್ದೀವಿ. ಗುಡುಗಿದ್ರೆ ಕರೆಂಟಿನ ಪಿನ್ ಮಾತ್ರ ಈಗಲೂ ಕೀಳಲೇಬೇಕು. ಆ ಕೆಲಸ ಆಯಿಯದ್ದು. ಮೋಡ ಕಂಡ್ರೆ ಸಾಕು, ಮೊಮ್ಮಗಳ ಕೋಣೆಗೆ ಹತ್ತುತ್ತಾಳೆ.

ನಿಮ್ಮನೇಲಿ ಈ ವರ್ಷ ಸಿಡಿಲಿಗೆ ಎಂತ ಹೋತು? ಕೆಳಗೆ ಬರೀರಿ.

#ಹೆಗ್ಗರಣೆ #ಸಿದ್ದಾಪುರ #ಶಿರಸಿ #ಮಲೆನಾಡು #ಲಿನಕ್ಸ್