ನಾನು ಹೇಳಿಕೊಡದೆ ಬಿಟ್ಟ ಪಾಠ



ಮಂಜುಗಡ್ಡೆಯನ್ನು ಮನೆಯ ಫ್ರಿಜ್ಜಿನಲ್ಲಿ ಹೊರತು ಬೇರೆಲ್ಲೂ ಕಾಣದ ಜಯನಗರದವನು ನಾನು. ಆದರೂ ಮೂವತ್ತಕ್ಕೂ ಹೆಚ್ಚು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಘರ್ಷಣೆಯ ಪಾಠ ಮಾಡಿದೆ. ಆ ಪಾಠ ನನಗೇ ಅರ್ಥವಾದದ್ದು ನಿವೃತ್ತಿಯ ನಂತರ, 2024ರ ಸಂಕ್ರಾಂತಿಯ ದಿನ, ಅಮೆರಿಕದ ಮಿಶಿಗನ್ನಿನಲ್ಲಿ.

ನೋವೈ ಊರಿನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅಂದು ಸಂಜೆ ಎಳ್ಳು ಬೀರಲು ಟ್ರಾಯ್ ಊರಿನ ಕನ್ನಡ ಕುಟುಂಬವೊಂದರ ಮನೆಗೆ ಹೊರಟೆವು. ಶೂನ್ಯಕ್ಕಿಂತ ಹತ್ತು ಡಿಗ್ರಿಗೂ ಕೆಳಗಿನ ಚಳಿ. ರಸ್ತೆಗೆ ಉಪ್ಪು ಎರಚಿದ್ದರು. ಆದರೆ ಅಷ್ಟು ಚಳಿಯಲ್ಲಿ ಉಪ್ಪಿಗೂ ಮಂಜು ಬೇಗ ಕರಗುವುದಿಲ್ಲವಂತೆ. ರಸ್ತೆ ಕಪ್ಪಗೆ, ಬರಿದಾಗಿಯೇ ಕಾಣುತ್ತಿತ್ತು. ಮಗ ಮಾತ್ರ ಆಮೆಯಂತೆ ಕಾರು ಓಡಿಸುತ್ತಿದ್ದ. ಮುಂದಿನ ಕಾರಿಗೂ ನಮಗೂ ನಡುವೆ ಬಹಳ ಅಂತರ. "ಇಷ್ಟು ನಿಧಾನವಾದರೆ ಊಟದ ಹೊತ್ತಿಗೆ ತಲುಪುತ್ತೇವೇನೋ?" ಎಂದು ಹಾಸ್ಯ ಮಾಡಿದೆ.

ಸೇತುವೆಯೊಂದರ ಮೇಲೆ ಕಾರಿನ ಹಿಂಭಾಗ ಮೆಲ್ಲನೆ ಪಕ್ಕಕ್ಕೆ ಸರಿಯಿತು. ಹಿಂದಿನ ಸೀಟಿನಲ್ಲಿ ನನ್ನಾಕೆ, ಐದು ವರ್ಷದ ಮೊಮ್ಮಗಳು. "ಬ್ರೇಕ್ ಹಾಕೋ!" ಎಂದು ಕೂಗಿದೆ. ಅವನು ಹಾಕಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕಿಗೆ ಸ್ಟಿಯರಿಂಗನ್ನು ನಯವಾಗಿ ತಿರುಗಿಸಿದ. ಕಾರು ನೇರವಾಯಿತು. ಮೊಮ್ಮಗಳು ಕಬ್ಬಿನ ತುಂಡು ಜಗಿಯುತ್ತಲೇ ಇದ್ದಳು.

ಮನೆ ತಲುಪಿದ ಮೇಲೆ ಮಗ ವಿವರಿಸಿದ: "ಇದನ್ನು ಬ್ಲ್ಯಾಕ್ ಐಸ್ ಅಂತಾರೆ, ಅಪ್ಪ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. ಸೇತುವೆಯ ಮೇಲೂ ಕೆಳಗೂ ತಣ್ಣನೆಯ ಗಾಳಿ ಬೀಸುವುದರಿಂದ ಅಲ್ಲಿ ಮೊದಲು ಕಟ್ಟುತ್ತದೆ. ಟೈರಿಗೆ ಉಳಿದಿರುವ ಅಲ್ಪ ಹಿಡಿತವನ್ನೆಲ್ಲ ಬ್ರೇಕಿಗೇ ಕೊಟ್ಟರೆ, ತಿರುಗಿಸುವುದಕ್ಕೆ ಏನೂ ಉಳಿಯುವುದಿಲ್ಲ."

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದವನು ನನ್ನ ಹಳೆಯ ಶಿಷ್ಯನೊಬ್ಬ. ಘರ್ಷಣೆಯ ಪ್ರಶ್ನೆಗೆ ಪೂರ್ಣ ಅಂಕ ಪಡೆದಿದ್ದ ಹುಡುಗ. ಕಾಲೇಜು ಸೇರಿದ ವರ್ಷ, ಏಪ್ರಿಲ್ಲಿನ ಮೊದಲ ಮಳೆಯಲ್ಲಿ, ಕನಕಪುರ ರಸ್ತೆಯಲ್ಲಿ ಮುಂದಿನ ಆಟೋ ನಿಂತಿತೆಂದು ಗಕ್ಕನೆ ಬ್ರೇಕ್ ಹಿಡಿದು ಬಿದ್ದ. ಇಂದಿಗೂ ಎಡಗಾಲು ಎಳೆದು ನಡೆಯುತ್ತಾನೆ. ಆಸ್ಪತ್ರೆಗೆ ನೋಡಲು ಹೋದಾಗ, "ರಸ್ತೆ ಅಷ್ಟು ಜಾರುತ್ತೆ ಅಂತ ಗೊತ್ತಿರಲಿಲ್ಲ ಸಾರ್" ಎಂದಿದ್ದ. ಗೊತ್ತು ಮಾಡಿಸಬೇಕಾಗಿದ್ದವನು ನಾನು. ವ್ಯಾಖ್ಯೆ ಬರೆಸಿದ್ದೆ, ಚಿತ್ರ ಬಿಡಿಸಿದ್ದೆ. ಶಾಲೆಯ ಗೇಟಿನಾಚೆಯ ರಸ್ತೆಯನ್ನು ಮಾತ್ರ ತೋರಿಸಿರಲಿಲ್ಲ.

ಆ ಬಾಕಿಯನ್ನು ಇಂದು ತೀರಿಸುತ್ತೇನೆ. ನಮ್ಮಲ್ಲಿ ಹಿಮವಿಲ್ಲ, ಆದರೆ ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು ಮೊದಲ ಮಳೆಯ ಹನಿಯೊಡನೆ ಬೆರೆತು ಜಾರುಪದರವಾಗುತ್ತದೆ. ಜೋರು ಮಳೆ ಅದನ್ನು ತೊಳೆಯುವ ತನಕ ಸಾಧ್ಯವಾದರೆ ಬದಿಯಲ್ಲಿ ನಿಲ್ಲಿ. ಹೊರಡಲೇಬೇಕಾದರೆ ವೇಗ ಅರ್ಧಕ್ಕಿಳಿಸಿ. ವೇಗ ಅರ್ಧವಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಕಾಲುಭಾಗಕ್ಕಿಳಿಯುತ್ತದೆ. ತಿರುವಿಗೆ ಮುನ್ನವೇ ನಿಧಾನಿಸಿ, ತಿರುವಿನಲ್ಲಿ ಬ್ರೇಕ್ ಬೇಡ. ಮುಂದಿನ ಗಾಡಿಯಿಂದ ದೂರವಿರಿ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಈ ಪಾಠಕ್ಕೆ ಪರೀಕ್ಷೆಯನ್ನು ನಾನು ಇಡುವುದಿಲ್ಲ, ರಸ್ತೆಯೇ ಇಡುತ್ತದೆ. ಎಲ್ಲರೂ ಕ್ಷೇಮವಾಗಿ ಮನೆ ಸೇರಿ.