ಅಗ್ಗಿಷ್ಟಿಕೆಯ ಮರ

ಮನೆಯನ್ನು ಬಿಟ್ಟು ಹೋಗಬೇಕಾಗಿ ಬಂದ ಒಕ್ಕಲು ಮಣ್ಣಿನ ಗೋಡೆಯನ್ನು ಅಲ್ಲಿಯೇ ಕರಗಲು ಬಿಡುವುದು. ಹಂಚು ಒಡೆದಷ್ಟು ಒಡೆದು ಉಳಿದಷ್ಟು ಬರುವುದು. ಆದರೆ ತಲೆಬಾಗಿಲ ಚೌಕಟ್ಟು, ನಡುತೊಲೆ, ದೇವರ ಕೋಣೆಯ ಮಣೆ ಇವು ಗಾಡಿಯನ್ನೇರದೆ ಇರಲಾರವು. 1980ರ ದಶಕದಲ್ಲಿ ಕಾಳೀನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪೇಟೆ ಮುಳುಗಿ, ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂದು, ಊರವರು ರಾಮನಗರದ ಕಡೆಗೆ ಹೊಸ ಮನೆ ಹೂಡಿದ ಸಂಗತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳಿಯಾಳ, ದಾಂಡೇಲಿ, ಮುಂಡಗೋಡಗಳ ಸೀಮೆಯಲ್ಲಿ ಮರಕ್ಕೆ ಒಂದೇ ಜನ್ಮವೆಂದು ತಿಳಿದವರು ಯಾರೂ ಇಲ್ಲ. ಕಾಡಿನಲ್ಲಿ ಒಂದು, ಮನೆಯಲ್ಲಿ ಒಂದು. ಮನೆ ಬಿದ್ದ ಮೇಲೆ ಕೊಟ್ಟಿಗೆಯಲ್ಲಿ ಮತ್ತೊಂದು.

ಇಂಥ ಸೀಮೆಯ ವಾಚಕರಿಗೆ ಇಂಗ್ಲಂಡದ ಒಂದು ಮರದ ತುಂಡು ಪಡೆದ ಇನ್ನೊಂದು ಜನ್ಮದ ಕಥೆ ತೀರ ಪರಕೀಯವೆನಿಸಲಾರದು. ಅಲ್ಲಿ ಚಳಿಯ ದೇಶವಾದುದರಿಂದ ಹಳೆಯ ಮನೆಗಳ ನಡುಮನೆಯಲ್ಲಿ ಅಗ್ಗಿಷ್ಟಿಕೆಯಿರುವುದು. ಅದರ ಸುತ್ತ ಅಂದವಾದ ಮರದ ಕಟ್ಟು ಇರುವುದು. ಅಂಥದೊಂದು ಮಹಾಗನಿಯ ಕಟ್ಟು ಯಾರಿಗೂ ಬೇಡವಾಗಿ ಎಸೆಯುವುದಕ್ಕೆ ಸಿದ್ಧವಾಗಿದ್ದುದು, ಪರಿಚಯದ ಮನೆಯೊಂದರಿಂದ ಲಂಡನ್ನಿನ ಹೊರವಲಯದ ಫೆಲ್ಟಮ್ ಎಂಬಲ್ಲಿಯ ಮೇ ಎಂಬವರ ಮನೆಗೆ ಬಂದಿತು. ಅಲ್ಲಿ ಹ್ಯಾರಲ್ಡ್ ಮೇ ಎಂಬ ಗೃಹಸ್ಥನಿದ್ದನು. ವಿಮಾನದ ಇಲಾಖೆಯಲ್ಲಿ ನಕ್ಷೆ ತೆಗೆಯುವ ಕೆಲಸ. ವಿದ್ಯುತ್ತಿನ ಉಪಕರಣಗಳಲ್ಲಿ ಒಳ್ಳೆಯ ಕೈ. ಮನೆಗೆ ಬೇಕಾದುದನ್ನು ಸಾಧ್ಯವಿದ್ದಷ್ಟು ಮನೆಯಲ್ಲಿಯೇ ಮಾಡಿಕೊಳ್ಳುವ ಸ್ವಭಾವ. ಅವನ ಒಬ್ಬನೇ ಮಗ ಬ್ರಾಯನ್‌ಗೆ 1963ರಲ್ಲಿ ಹದಿನಾರು ವರ್ಷ. ಹುಡುಗನಿಗೆ ವಿದ್ಯುತ್ ಗಿಟಾರಿನ ಹುಚ್ಚು. ಅಂಗಡಿಯ ಗಾಜಿನ ಹಿಂದೆ ತೂಗಹಾಕಿದ್ದ ಫೆಂಡರ್ ಕಂಪನಿಯ ಗಿಟಾರು ಆ ಮನೆಯ ಸಂಬಳಕ್ಕೆ ಎಟುಕುವ ಸರಕಲ್ಲ. ತಂದೆ ಮಕ್ಕಳು ಕೂಡಿ ವಿಚಾರಿಸಿದರು: ಕೊಳ್ಳಲಾಗದಿದ್ದರೆ ಮಾಡಬಹುದಲ್ಲವೆ?

ಅಂದಿನಿಂದ ಸುಮಾರು ಎರಡು ವರ್ಷ ಆ ಮನೆಯ ಒಂದು ಕೋಣೆ ಬಡಿಗನ ಸಾಲೆಯಾಯಿತು. ಅಗ್ಗಿಷ್ಟಿಕೆಯ ಮಹಾಗನಿಯನ್ನು ಕೈಯಿಂದಲೇ ಕೆತ್ತಿ ಗಿಟಾರಿನ ಕತ್ತು ಮಾಡಿದರು. ಹಳೆಯ ಮರವಾದುದರಿಂದ ಹುಳು ಕೊರೆದ ತೂತುಗಳಿದ್ದುವು. ಬೆಂಕಿಕಡ್ಡಿಗಳನ್ನು ತುಂಬಿ ಅವನ್ನು ಮುಚ್ಚಿದರು. ಒಡಲಿನ ನಡುವಿನ ಗಟ್ಟಿಗೆ ಹಳೆಯ ಮೇಜೊಂದರ ಓಕ್ ಮರ; ಎರಡು ಪಕ್ಕಗಳಿಗೆ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಬ್ಲಾಕ್‌ಬೋರ್ಡ್ ಎಂಬ ಅಗ್ಗದ ಹಲಗೆ; ಮೇಲೆ ಕೆಳಗೆ ಮಹಾಗನಿಯ ತೆಳು ಹೊದಿಕೆ. ಬೆರಳಾಡುವ ಪಟ್ಟಿಯ ಮೇಲೆ ಸ್ಥಾನ ತೋರಿಸುವ ಚುಕ್ಕೆಗಳು ಬೇಕಲ್ಲವೆ? ತಾಯಿಯ ಹೊಲಿಗೆಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು ಅಲ್ಲಿಗೆ ಬಂದುವು. ಪಟ್ಟಿಯ ಮೇಲೆ 24 ಮೆಟ್ಟುಗಳನ್ನು ಕೂರಿಸಿದರು. ನಮ್ಮ ಸರಸ್ವತೀವೀಣೆಗೂ 24 ಮೆಟ್ಟುಗಳೇ ಎಂಬುದು ಆಕಸ್ಮಿಕವೇ ಆಗಿದ್ದರೂ ಸಂತೋಷದ ಮಾತು.

ಈ ಗಿಟಾರಿನಲ್ಲಿ ಎಲ್ಲಕ್ಕಿಂತ ಬುದ್ಧಿವಂತಿಕೆಯ ಭಾಗವೆಂದರೆ ಸ್ವರವನ್ನು ತೂಗಿಸುವ ಯಂತ್ರ. ವೈಣಿಕನು ತಂತಿಯನ್ನು ಬೆರಳಿನಿಂದ ಎಳೆದು ಗಮಕ ಹುಟ್ಟಿಸುವನು. ವಿದ್ಯುತ್ ಗಿಟಾರಿನವನಿಗೆ ಅದಲ್ಲದೆ ಒಂದು ಹಿಡಿಯೂ ಉಂಟು. ಅದನ್ನು ಒತ್ತಿದರೆ ಆರು ತಂತಿಗಳೂ ಒಟ್ಟಿಗೆ ಸಡಿಲಾಗಿ ಸ್ವರವು ಕೆಳಗಿಳಿದು, ಬಿಟ್ಟೊಡನೆ ಮತ್ತೆ ಮೇಲೇರುವುದು. ತೊಂದರೆಯೆಂದರೆ ಏರಿದ ತಂತಿ ಮೊದಲಿನ ಶ್ರುತಿಗೇ ಬಂದು ನಿಲ್ಲಬೇಕು. ಎಲ್ಲಿಯಾದರೂ ತಿಕ್ಕಾಟವಿದ್ದರೆ ಅದು ನಿಲ್ಲದು. ಇದನ್ನು ತಂದೆ ಮಕ್ಕಳು ಅಕ್ಕಸಾಲಿಗನ ತಕ್ಕಡಿಯ ಯುಕ್ತಿಯಿಂದ ಬಿಡಿಸಿದರು: ಉಕ್ಕಿನ ತಟ್ಟೆಯೊಂದನ್ನು ಹದಕೊಟ್ಟ ಕತ್ತಿಯ ಅಲಗಿನ ಮೇಲೆ ನಿಲ್ಲಿಸಿ, ಒಂದು ಕಡೆಯಿಂದ ತಂತಿಗಳ ಬಿಗಿಗೆ ಇನ್ನೊಂದು ಕಡೆಯಿಂದ ಎರಡು ಸ್ಪ್ರಿಂಗುಗಳನ್ನು ಎದುರಾಗಿಟ್ಟರು. ಆ ಸ್ಪ್ರಿಂಗುಗಳು 1928ರ ಪ್ಯಾಂಥರ್ ಎಂಬ ಮೋಟರು ಸೈಕಲ್ಲಿನ ಕವಾಟದವು. ಹಿಡಿಕೆಯು ಸೈಕಲ್ಲಿನ ಚೀಲ ಹಿಡಿಯುವ ಕಂಬಿ. ಅದರ ತುದಿಗೆ ತಾಯಿಯ ಹೆಣಿಗೆಸೂಜಿಯ ತುಂಡು.

ವಿದ್ಯುತ್ ಗಿಟಾರಿನ ಧ್ವನಿ ವೀಣೆಯಂತೆ ಕೊಡದಿಂದ ಹೊರಡುವುದಿಲ್ಲ. ತಾಮ್ರದ ತಂತಿ ಸುತ್ತಿದ ಅಯಸ್ಕಾಂತದ ಮುಂದೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ ಪ್ರವಾಹ ಹುಟ್ಟುವುದು. ಅದನ್ನು ದೊಡ್ಡದು ಮಾಡಿ ಧ್ವನಿವರ್ಧಕಕ್ಕೆ ಕಳುಹಿಸುವರು. ಹುಡುಗನು ಮೊದಲು ಆ ಸುರುಳಿಗಳನ್ನೂ ತಾನೇ ಸುತ್ತಿದನು. ಅವು ಸರಿಬಾರದೆ ಬರ್ನ್ಸ್ ಕಂಪನಿಯ ಮೂರನ್ನು ಕೊಂಡು ತಂದನು. ಇಡಿಯ ವಾದ್ಯದಲ್ಲಿ ಹಣಕೊಟ್ಟು ತಂದ ಮುಖ್ಯ ವಸ್ತು ಅದೇ. ಒಡಲಿನೊಳಗೆ ಬೇಕೆಂದೇ ಪೊಳ್ಳುಗಳನ್ನು ಬಿಟ್ಟಿದ್ದರು. ಧ್ವನಿವರ್ಧಕದಿಂದ ಬಂದ ನಾದವು ಗಾಳಿಯಲ್ಲಿ ತಿರುಗಿ ಬಂದು ಈ ಪೊಳ್ಳುಮರವನ್ನು ತಟ್ಟಿದರೆ ನಿಲ್ಲಬೇಕಾದ ಸ್ವರವು ನಿಲ್ಲದೆ ಮೊಳಗುತ್ತಲೇ ಇರುವುದು. ಉಳಿದವರು ದೋಷವೆಂದು ಹೆದರುವುದನ್ನು ಇವರು ಬಯಸಿ ಮಾಡಿಕೊಂಡರು. ಅದನ್ನು ನುಡಿಸುವುದಕ್ಕೆ ಅವನು ಹಿಡಿದುದು ಆರು ಪೆನ್ನಿಯ ನಾಣ್ಯ. ಕೆಂಪು ಬಣ್ಣದ ಆ ವಾದ್ಯಕ್ಕೆ ರೆಡ್ ಸ್ಪೆಷಲ್ ಎಂದು ಹೆಸರಾಯಿತು.

ಮುಂದಿನದು ಲೋಕಕ್ಕೆ ಗೊತ್ತಿರುವ ಕಥೆ. 1970ರಲ್ಲಿ ಕ್ವೀನ್ ಎಂಬ ರಾಕ್ ಮೇಳ ಹುಟ್ಟಿತು. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಎಂಬವನು ಜಾಂಜಿಬಾರಿನಲ್ಲಿ ಹುಟ್ಟಿದ ಪಾರಸಿ. ಹುಡುಗತನದಲ್ಲಿ ಓದಿದುದು ಸಾತಾರೆಯ ಹತ್ತಿರದ ಪಂಚಗಣಿಯಲ್ಲಿ. ರಾಕ್ ಸಂಗೀತವೆಂದರೆ ಕಿವಿಮುಚ್ಚಿಕೊಳ್ಳುವ ಹಿರಿಯರು ಪ್ರತಿ ಮನೆಯಲ್ಲಿಯೂ ಇರುವರು. ಅವರನ್ನು ಒಪ್ಪಿಸುವುದು ಈ ಬರೆಹದ ಉದ್ದೇಶವಲ್ಲ. ಆದರೆ ಹಾಗೆ ಕಿವಿಮುಚ್ಚಿಕೊಂಡ ಹಿರಿಯರಲ್ಲಿ ಹ್ಯಾರಲ್ಡ್ ಮೇ ಒಬ್ಬನಾಗಿದ್ದನೆಂಬುದು ಗಮನಿಸತಕ್ಕದ್ದು. ಎರಡು ವರ್ಷ ಮಗನೊಡನೆ ಕೂತು ಉಳಿ ಹಿಡಿದ ತಂದೆಯೇ, ಮಗನು ಆಕಾಶದ ಧೂಳಿಯ ಕುರಿತು ಮಾಡುತ್ತಿದ್ದ ಸಂಶೋಧನೆಯನ್ನು ನಡುವೆ ಬಿಟ್ಟು ಆ ವಾದ್ಯದ ಬೆನ್ನುಹತ್ತಿದಾಗ ನೊಂದನು. ಒಂದು ವರ್ಷಕ್ಕೂ ಮೇಲ್ಪಟ್ಟು ಇಬ್ಬರಿಗೂ ಮಾತಿರಲಿಲ್ಲವೆಂದು ಮಗನೇ ಮುಂದೆ ಹೇಳಿದ್ದುಂಟು. ಹೆತ್ತವರು ಮಕ್ಕಳ ಕೈಗೆ ಕೊಟ್ಟುದು ಎಲ್ಲಿಗೆ ಒಯ್ಯುವುದೆಂದು ಕೊಟ್ಟವರಿಗೆ ತಿಳಿಯದು. ಕಡೆಗೆ ಮಗನು ತಂದೆಯನ್ನು ಕಾಂಕಾರ್ಡ್ ವಿಮಾನದಲ್ಲಿ ನ್ಯೂಯಾರ್ಕಿಗೆ ಕರೆಯಿಸಿದನು. ಆ ವಿಮಾನದ ಉಪಕರಣಗಳಿಗಾಗಿ ತಂದೆ ದುಡಿದಿದ್ದನು. ಅದರಲ್ಲಿ ಕೂತು ಹೋಗಿರಲಿಲ್ಲ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಮಹಾಸಭಾಂಗಣದಲ್ಲಿ ಸಾವಿರಾರು ಜನರ ನಡುವೆ ಕುಳಿತು ಆ ಅಗ್ಗಿಷ್ಟಿಕೆಯ ಮರದ ಧ್ವನಿಯನ್ನು ಕೇಳಿದ ಮೇಲೆ ತನಗೆ ಈಗ ಅರ್ಥವಾಯಿತೆಂದು ಅವನು ಮಗನಿಗೆ ತಿಳಿಸಿದನು. ಬಿಟ್ಟ ಸಂಶೋಧನೆಯನ್ನು ಮಗನು ಪೂರ್ತಿಮಾಡಿ ಡಾಕ್ಟರನಾದುದು 2007ರಲ್ಲಿ. ಅದನ್ನು ನೋಡುವುದಕ್ಕೆ ತಂದೆ ಇರಲಿಲ್ಲ.

ಒಂದೇ ಒಂದು ವಾದ್ಯ, ಕಳೆದರೆ ಇನ್ನೊಂದಿಲ್ಲ. ಆದುದರಿಂದ ಪ್ರತಿಕೃತಿಯ ಮಾತು ಬಂದಿತು. 1970ರ ದಶಕದಲ್ಲಿ ಜಾನ್ ಬರ್ಚ್ ಎಂಬವನು ಒಂದನ್ನು ಮಾಡಿಕೊಟ್ಟನು. 1980ರ ದಶಕದಲ್ಲಿ ಅಮೇರಿಕದ ಗಿಲ್ಡ್ ಕಂಪನಿಯು ಆ ಮಾದರಿಯ ಗಿಟಾರುಗಳನ್ನು ಮಾರಾಟಕ್ಕೆ ತಂದಿತು. ಅದರ ಮೇಲೆ 1990ರ ದಶಕದ ನಡುವೆ ಆಸ್ಟ್ರೇಲಿಯದ ಗ್ರೆಗ್ ಫ್ರೈಯರ್ ಎಂಬ ವಾದ್ಯಗಾರನು ಅಪ್ಪಣೆ ಪಡೆದು ಮೂಲವನ್ನು ಬಿಚ್ಚಿ, ಅಳೆದು, ಬರೆದುಕೊಂಡು, ಮೂರು ಪ್ರತಿಗಳನ್ನು ಕಟ್ಟಿದನು. ಅವುಗಳಿಗೆ ಜಾನ್, ಪಾಲ್, ಜಾರ್ಜ್ ಬರ್ನ್ಸ್ ಎಂದು ಹೆಸರು. ಇಂಗ್ಲಂಡದ ಆಂಡ್ರ್ಯೂ ಗೈಟನ್ ಅದೇ ದಾರಿ ಹಿಡಿದನು. 2014ರಲ್ಲಿ ಈ ಗಿಟಾರಿನ ಕುರಿತೇ ಬಂದ ಗ್ರಂಥದಲ್ಲಿ ಅದರ ಕ್ಷಕಿರಣದ ಚಿತ್ರಗಳು ಕೂಡ ಅಚ್ಚಾದುವು. ಮನೆಯಲ್ಲಿಯೇ ಕುಳಿತು ಇದನ್ನು ಮಾಡಿಕೊಳ್ಳುವ ಹವ್ಯಾಸಿಗಳಿಗಂತೂ ಹಲವು ದೇಶಗಳಲ್ಲಿ ಬರವಿಲ್ಲ.

ಇಲ್ಲಿ ವಿಚಿತ್ರವೊಂದು ಹುಟ್ಟುವುದು. ತಂದೆ ಮಕ್ಕಳು ಬ್ಲಾಕ್‌ಬೋರ್ಡನ್ನು ಹಿಡಿದುದು ಅದು ಕೈಗೆ ಸಿಕ್ಕಿತೆಂದು. ಪ್ರತಿ ಮಾಡುವವನಾದರೋ ಅದೇ ಬೇಕೆಂದು ಹುಡುಕಬೇಕು. ಅವರಿಗೆ ಹಳೆಯ ಮೋಟರು ಸೈಕಲ್ಲಿನ ಸ್ಪ್ರಿಂಗು ಕಸದಲ್ಲಿ ದೊರೆಯಿತು. ಇವನಿಗೆ ಅದು ರತ್ನದಂತೆ ದುರ್ಲಭ. ಆರು ಪೆನ್ನಿಯ ನಾಣ್ಯವೂ 1980ರಲ್ಲಿ ಚಲಾವಣೆಯಿಂದ ಹೋಯಿತು. ಬಡತನದ ಉಪಾಯವು ಪ್ರತಿಕಾರನಿಗೆ ಶಾಸ್ತ್ರವಾಯಿತು. ಹುಳು ಕೊರೆದ ತೂತಿನ ಮುಂದೆ ಬಂದಾಗ ಪ್ರಾಮಾಣಿಕನಾದ ಪ್ರತಿಕಾರನು ಏನು ಮಾಡಬೇಕು? ಹುಳುವಿಲ್ಲದ ಮರಕ್ಕೆ ತಾನೇ ತೂತು ಕೊರೆದು ಬೆಂಕಿಕಡ್ಡಿ ತುಂಬಬೇಕೆ? ತುಂಬಿದರೆ ನಗೆಪಾಟಲು, ತುಂಬದಿದ್ದರೆ ಪ್ರತಿಯಲ್ಲಿ ಅಷ್ಟು ಕೊರತೆ.

ಈ ಪ್ರಶ್ನೆಯನ್ನು ದಾಂಡೇಲಿಯ ಬಡಿಗನ ಕಟ್ಟೆಯ ಮೇಲೆ ಇಟ್ಟು ನೋಡಬಹುದು. ಅಳ್ನಾವರದಿಂದ ಆ ಊರಿಗೆ ಹಳಿ ಹಾಕಿದುದೇ ಮರ ಸಾಗಿಸುವುದಕ್ಕಾಗಿ. ಅಲ್ಲಿಯ ತೇಗಕ್ಕೆ ದೂರದವರೆಗೆ ಹೆಸರು. ಪ್ಲೈವುಡ್ಡಿನ ಕಾರಖಾನೆಯೂ ಒಂದು ಕಾಲಕ್ಕೆ ಅಲ್ಲಿತ್ತು. ಬ್ಲಾಕ್‌ಬೋರ್ಡ್ ಅಲ್ಲಿಯವರಿಗೆ ಅಪರಿಚಿತವಲ್ಲ. ಆದರೆ ಓಕ್ ಇಲ್ಲಿಯ ಕಾಡಿನ ಮರವಲ್ಲ. ಮಹಾಗನಿಯೂ ಹೊರಗಿನಿಂದ ಬಂದುದು. ಇರುವುದು ತೇಗ, ಮತ್ತಿ, ಹೊನ್ನೆ, ಶಿವನೆ, ಹಲಸು, ಮತ್ತು ಬೀಟೆ. ಈ ಕೊನೆಯದನ್ನು ಕುರಿತು ಒಂದು ಮಾತು ಹೇಳಲೇಬೇಕು. ಬ್ರೆಜಿಲಿನ ಬೀಟೆ ಸಿಗದಂತಾದ ಮೇಲೆ ಅಮೇರಿಕದ ಮಾರ್ಟಿನ್ ಕಂಪನಿಯು 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅಂದಿನಿಂದ ಸಹ್ಯಾದ್ರಿಯ ಈ ಕಪ್ಪು ಮರವು ಗಿಟಾರುಗಳ ಬೆನ್ನಾಗಿ, ಪಕ್ಕೆಯಾಗಿ, ಬೆರಳುಪಟ್ಟಿಯಾಗಿ ಲೋಕವನ್ನೆಲ್ಲ ಸುತ್ತಿತು. 2017ರಲ್ಲಿ ಅದರ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟಿಗೆ ಒಳಪಟ್ಟುವು. ಸಿದ್ಧವಾದ ವಾದ್ಯಗಳಿಗೆ ಆ ಕಟ್ಟು ಸಡಿಲಾದುದು 2019ರಲ್ಲಿ. ಇತ್ತ ರೈತನ ಹಿತ್ತಿಲಲ್ಲಿಯೇ ಬೆಳೆದು ನಿಂತರೂ ಬೀಟೆಯನ್ನು ಸರಕಾರದ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. ಹೀಗಿರಲು ಇಲ್ಲಿಯ ಹುಡುಗನೊಬ್ಬನು ರೆಡ್ ಸ್ಪೆಷಲ್ ಮಾಡಬೇಕೆಂದರೆ ಅವನಿಗೆ ನ್ಯಾಯವಾಗಿ ದೊರೆಯುವುದು ಮುರಿದ ಕಪಾಟು, ಕಳಚಿದ ಕಿಟಕಿ, ಅಜ್ಜನ ಮಂಚದ ಕಾಲು. ಅದರಿಂದ ಮಾಡಿದುದು ಅಳತೆಗೆ ತಪ್ಪಬಹುದು, ನಾದಕ್ಕೂ ತಪ್ಪಬಹುದು. ಆದರೆ ಫೆಲ್ಟಮ್ಮಿನ ಆ ಕೋಣೆಯಲ್ಲಿ ನಡೆದುದರ ಪ್ರತಿ, ಓಕ್ ತರಿಸಿ ಮಾಡಿದುದಕ್ಕಿಂತ ಇದರಲ್ಲಿಯೇ ಹೆಚ್ಚು ಇರುವುದು.

ಇದು ಬರಿಯ ವಾದದ ಮಾತಲ್ಲವೆಂಬುದಕ್ಕೆ ಹಳಿಯಾಳ, ಮುಂಡಗೋಡಗಳ ಕಾಡಂಚಿನ ಸಿದ್ದಿಗಳ ಕೇರಿಗಳನ್ನು ನೋಡಬೇಕು. ಅವರ ಹಿರಿಯರನ್ನು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಈ ಘಟ್ಟದ ಕಾಡನ್ನು ಹೊಕ್ಕರು. ವಾದ್ಯವನ್ನು ಹೆಗಲಿಗೇರಿಸಿಕೊಂಡು ಬರುವ ಪಯಣ ಅದಾಗಿರಲಿಲ್ಲ. ಇಲ್ಲಿಯ ಮರವನ್ನು ತೋಡಿ, ಇಲ್ಲಿಯ ಚರ್ಮವನ್ನು ಬಿಗಿದು ಮಾಡಿದ ದಮಾಮಿನ ಸುತ್ತ ಅವರು ಇಂದಿಗೂ ಕುಣಿಯುವರು. ಅದರ ಅಳತೆಯನ್ನು ಯಾರೂ ಬರೆದಿಡಲಿಲ್ಲ. ಅದೇ ಆಫ್ರಿಕದಿಂದ ಇನ್ನೊಂದು ಸಮುದ್ರದ ಮೇಲೆ ಅಮೇರಿಕಕ್ಕೆ ಒಯ್ಯಲ್ಪಟ್ಟವರ ಮಕ್ಕಳ ಹಾಡಿನಿಂದ ಬ್ಲೂಸ್ ಹುಟ್ಟಿ, ಅದರಿಂದ ರಾಕ್ ಹುಟ್ಟಿತು. ಫೆಲ್ಟಮ್ಮಿನ ಹುಡುಗನಿಗೆ ಹಿಡಿದ ಹುಚ್ಚಿನ ಬೇರು ಅಲ್ಲಿಗೆ ಮುಟ್ಟುವುದು. ಮುಂಡಗೋಡದಲ್ಲಿ 1966ರಿಂದ ನೆಲಸಿದ ಟಿಬೆಟಿನವರು ಡ್ರೆಪುಂಗ್, ಗಾಂದೆನ್ ಎಂಬ ತಮ್ಮ ಮಠಗಳನ್ನು ಅದೇ ಹೆಸರಿನಿಂದ ಈ ಕೆಂಪು ಮಣ್ಣಿನ ಮೇಲೆ ಮತ್ತೆ ಕಟ್ಟಿದರು; ಅವನ್ನು ಲ್ಹಾಸಾದ ಮಠಗಳ ನಕಲೆಂದು ಕರೆಯುವುದಕ್ಕೆ ನಾಲಗೆ ಹಿಂಜರಿಯುವುದು.

ಹಾಗೆಂದು ಅಳತೆಗೋಲು ಹಿಡಿದ ಫ್ರೈಯರನ ಕೆಲಸವನ್ನು ಹಗುರಾಗಿ ಎಣಿಸಲಾಗದು. ಮೂವತ್ತು ವರ್ಷ ಊರೂರು ತಿರುಗಿ ಮೂಲವಾದ್ಯವು ಸವೆದು ಹೋಗಿತ್ತು, ಬಣ್ಣ ಹಾರಿತ್ತು, ಅದನ್ನು ಸರಿಪಡಿಸಬೇಕಾಗಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೆ? ಮೂರು ಪ್ರತಿಗಳನ್ನು ಕಟ್ಟಿ ಅದರ ಒಂದೊಂದು ಮೂಲೆಯನ್ನೂ ಬಲ್ಲವನೆಂದು 1998ರಲ್ಲಿ ಅದನ್ನು ಫ್ರೈಯರನ ಕೈಗೇ ಒಪ್ಪಿಸಿದರು. ಹ್ಯಾರಲ್ಡ್ ಮೇ ತೀರಿಕೊಂಡು ಹತ್ತು ವರ್ಷಗಳಾಗಿದ್ದುವು. ಅವನನ್ನು ಕಾಣದ ದೂರದೇಶದವನೊಬ್ಬನು ಆ ಒಡಲನ್ನು ಮೇಜಿನ ಮೇಲೆ ಮಲಗಿಸಿ, ಅವನೂ ಅವನ ಮಗನೂ ಉಳಿಯಿಂದ ತೋಡಿದ ಪೊಳ್ಳುಗಳನ್ನೂ ಬೆಸುಗೆ ಹಾಕಿದ ತಂತಿಗಳನ್ನೂ ದೀಪದ ಬೆಳಕಿನಲ್ಲಿ ನೋಡುತ್ತ, ಕೆಡದಂತೆ ಕೆಲಸ ಮಾಡಿದನು. ವಾದ್ಯವು ಮತ್ತೆ ಹೊರಟಿತು. 2002ರ ಜೂನ್ ತಿಂಗಳಿನಲ್ಲಿ ರಾಣಿಯ ಆಳಿಕೆಯ ಐವತ್ತನೆಯ ವರ್ಷದ ಉತ್ಸವಕ್ಕೆ ಬಕಿಂಗಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ಅದು ಮೊಳಗಿತು. ಬೆಂಕಿಕಡ್ಡಿ ತುಂಬಿದ ಕತ್ತಿನ ಮೇಲೆ ಎಡಗೈ, ಹೆಣಿಗೆಸೂಜಿಯ ತುದಿಯ ಬಳಿ ಬಲಗೈ.